ಎತ್ತರ ಗೊತ್ತಾಗ್ಲಿ, ಅಲ್ಲಿ ನಿಂತ್ಕೋ

ನಿನ್ನೆ ಸಂಜೆ ಇವರು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಿಜಯಪುರದ ಫೋಟೋಗಳನ್ನೆಲ್ಲ ಸುರಿದರು. ಸುರಿದು ಐದು ನಿಮಿಷ ಆಗಿತ್ತೋ ಇಲ್ಲವೋ, ನಾದಿನಿ ಕೇಳಿಯೇಬಿಟ್ಟಳು: "ಸೂಪರ್ ಅಣ್ಣ. ಅತ್ತಿಗೆ ಬರಲಿಲ್ವಾ?"

ಬಂದಿದ್ದೆ ಕಣಮ್ಮಾ. ಎಲ್ಲ ಫೋಟೋದಲ್ಲೂ ಇದ್ದೀನಿ. ಗೋಳಗುಮ್ಮಟದ ಬಾಗಿಲ ಬುಡದಲ್ಲಿ ಒಂದು ಕೆಂಪು ಚುಕ್ಕೆ ಇದೆಯಲ್ಲ, ಕ್ಯಾಮೆರಾ ಗಾಜಿನ ಮೇಲಿನ ಕೊಳೆ ಇರಬೇಕು ಅಂತ ನೀನು ಬೆರಳಲ್ಲಿ ಒರೆಸಿರುತ್ತೀಯಲ್ಲ, ಅದೇ ನಾನು. ಆ ಕೆಂಪು, ಈ ಪ್ರವಾಸಕ್ಕೆಂದೇ ಉಟ್ಟ ಹೊಸ ಇಳಕಲ್ ಸೀರೆಯ ಸೆರಗು.

ಇವರು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಸೈಟಿನಲ್ಲಿ ಗೋಡೆ ಬಿರುಕು ಬಿಟ್ಟರೆ ಫೋಟೋ ತೆಗೆಯುವಾಗ ಪಕ್ಕದಲ್ಲೊಂದು ಪೆನ್ನು ಇಡುತ್ತಾರಂತೆ. ಬಿರುಕು ಎಷ್ಟು ಅಗಲ ಅಂತ ನೋಡಿದವರಿಗೆ ಅಂದಾಜು ಸಿಗಬೇಕಲ್ಲ. ಸುಲ್ತಾನರ ಕಟ್ಟಡಗಳಿಗೆ ಪೆನ್ನು ಸಾಲುವುದಿಲ್ಲ. ಅದಕ್ಕೆ ಹೆಂಡತಿ. "ನೀನು ಅಲ್ಲಿ ನಿಂತ್ಕೋ, ಎತ್ತರ ಗೊತ್ತಾಗ್ಲಿ" ಅನ್ನುವುದು ಮದುವೆಯಾದಾಗಿನಿಂದ ಊರೂರಲ್ಲಿ ಕೇಳಿಕೊಂಡು ಬಂದ ಮಾತು. ಬೇರೆಯವರ ಗಂಡಂದಿರು ನಗು ಅನ್ನುತ್ತಾರೆ, ಇತ್ತ ತಿರುಗು ಅನ್ನುತ್ತಾರೆ. ಇವರು, "ನೇರ ನಿಂತ್ಕೋ, ಬಗ್ಗಿದ್ರೆ ಎರಡಿಂಚು ಕಮ್ಮಿಯಾಗತ್ತೆ" ಅನ್ನುತ್ತಾರೆ.

ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಆನಿವರ್ಸರಿಯೂ ಬಂತು, ಎಲ್ಲಾದರೂ ಇಬ್ಬರೇ ಹೋಗಿಬರೋಣ ಅಂತ ಹೊರಟಿದ್ದು. ಇಬ್ಬರೇ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಸಲಹೆಗಳು ಶುರುವಾದವು. ಮೊದಲ ಮಹಡಿಯ ಆಂಟಿ ಸ್ವೆಟರ್ ಇಟ್ಟುಕೋ ಅಂದರು. ಇವರ ಆಫೀಸಿನವರೊಬ್ಬರು ಅಲ್ಲಿ ಡಿಸೆಂಬರಿನಲ್ಲೂ ಬಿಸಿಲು, ಕೊಡೆ ಇಟ್ಕೊಳ್ಳಿ ಅಂದರು. ಭಾವ ಬಸ್ಸು ಬೇಡ ರೈಲು ಅಂದರೆ, ಅಕ್ಕ ಅವರ ಬೆನ್ನ ಹಿಂದೆ ನಿಂತು ರೈಲು ಬೇಡ ಅಂತ ಕೈಯಾಡಿಸಿದಳು. ನಮ್ಮತ್ತೆಯ ಮಾತು ಮಾತ್ರ ನನ್ನನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿತು. "ಮದುವೆ ದಿನ ಯಾರಾದ್ರೂ ಗೋರಿ ನೋಡೋಕೆ ಹೋಗ್ತಾರೇನೇ?"

ಅದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ವಿಜಯಪುರದಲ್ಲಿ ನೋಡುವಂಥದ್ದರಲ್ಲಿ ಅರ್ಧಕ್ಕರ್ಧ ಗೋರಿಗಳೇ.

ಇವರೋ, ಯಾರು ಹೇಳಿದ್ದನ್ನೂ ಬಿಡದೆ ಮೊಬೈಲಿನಲ್ಲಿ ಬರೆದುಕೊಂಡರು. ಅದರಲ್ಲಿ ಎಲ್ಲರೂ ಒಪ್ಪಿದ ಸಲಹೆ ಒಂದೇ: ಗೋಳಗುಮ್ಮಟಕ್ಕೆ ಬೆಳಿಗ್ಗೆ ಆರಕ್ಕೇ ಹೋಗಿ, ಬಾಗಿಲು ತೆಗೆಯುವ ಹೊತ್ತಿಗೆ. ಶಾಲಾ ಪ್ರವಾಸದ ಮಕ್ಕಳು ಬಂದರೆ ಮುಗಿಯಿತು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರು ಈ ಕಡೆ, ಒಬ್ಬರು ಎದುರು ಕಡೆ ಕೂತು ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಬೇಕು, ಜೋಡಿಗಳು ತಪ್ಪಿಸಬಾರದು. ಆಂಟಿ ಇದನ್ನು ಹೇಳುವಾಗ ಅಂಕಲ್ ಪೇಪರಿನಿಂದ ಮುಖ ಎತ್ತಲಿಲ್ಲ.

ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದ ಮೈ. ಲಾಡ್ಜಿನಲ್ಲಿ ಒಂದು ದಿನ ಪೂರ್ತಿ ಬಿದ್ದುಕೊಂಡಿದ್ದರೂ ಸಾಲುತ್ತಿರಲಿಲ್ಲ. ಆದರೂ ಮಾರನೆ ದಿನ ಐದಕ್ಕೆ ಅಲಾರಂ. ತಣ್ಣೀರಿನಲ್ಲಿ ಮುಖ ತೊಳೆದು, ಆ ಕತ್ತಲಲ್ಲಿ ನೆರಿಗೆ ಹಿಡಿದು ಸೀರೆ ಉಟ್ಟು ಹೋದೆವು. ಗೇಟಿನ ಹತ್ತಿರ ಏನು ನೋಡುವುದು! ಸಾಲಾಗಿ ನಿಂತ ಪ್ರವಾಸದ ಬಸ್ಸುಗಳು. ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತ, ಒಬ್ಬರ ಕಾಲ ಮೇಲೊಬ್ಬರು ಉಗುಳುತ್ತ ನೂರಾರು ಮಕ್ಕಳು. ಮಕ್ಕಳು ಬರುವ ಮೊದಲೇ ಹೋಗಿ ಅನ್ನುವ ಸಲಹೆಯನ್ನು ಮಕ್ಕಳ ಮೇಷ್ಟರುಗಳೂ ಓದಿದ್ದರು.

ಡಿಸೆಂಬರಿನಲ್ಲಿ ಆರಕ್ಕೆ ಅಲ್ಲಿ ಬೆಳಕೂ ಹರಿದಿರುವುದಿಲ್ಲ. ಇದನ್ನು ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ.

ಕಟ್ಟಡ ಮಾತ್ರ, ಸುಮ್ಮನೆ ಹೇಳಬಾರದು, ಒಳಗೆ ಕಾಲಿಟ್ಟರೆ ಉಸಿರು ಹಿಡಿದುಹೋಗುತ್ತದೆ. ಅಷ್ಟು ದೊಡ್ಡ ಅಂಗಳಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳೇ 44 ಮೀಟರ್ ವ್ಯಾಸದ ಗುಮ್ಮಟವನ್ನು ಹೊತ್ತಿವೆ. ಇವರು ಕತ್ತೆತ್ತಿ ನೋಡುತ್ತ ತಮ್ಮಷ್ಟಕ್ಕೇ "ಸ್ಟೀಲ್ ಇಲ್ಲ, ಸಿಮೆಂಟ್ ಇಲ್ಲ" ಅಂತ ಗೊಣಗಿಕೊಂಡರು. ಕೆಳಗೆ ಕಟ್ಟೆಯ ಮೇಲೆ ಮಹಮ್ಮದ್ ಆದಿಲ್ ಶಾಹನದು, ಅವನ ಬೇಗಂಗಳದು, ನರ್ತಕಿ ರಂಭೆಯದು ಅಂತ ಸಾಲಾಗಿ ಗೋರಿಗಳು. ರಂಭೆ ತನ್ನ ಪ್ರೀತಿ ನಿಜವೆಂದು ತೋರಿಸಲು ಮೇಲಿನ ಗ್ಯಾಲರಿಯಿಂದ ಹಾರಿದಳಂತೆ ಅಂತ ಗೈಡು ಒಬ್ಬ ತನ್ನ ಗುಂಪಿಗೆ ಕಥೆ ಹೇಳುತ್ತಿದ್ದ. ನನಗೆ ಗಂಟಲು ಬಿಗಿಯಿತು. ಇವರು ಗುಂಪಿನೊಳಗೆ ನುಗ್ಗಿ ಕೇಳಿದರು: "ಗ್ಯಾಲರಿ ನೆಲದಿಂದ ಎಷ್ಟಡಿ ಇದೆ?"

ಮೂಲೆಯ ಮಿನಾರಿನೊಳಗಿನ ಕಿರಿದಾದ ಮೆಟ್ಟಿಲು ಹತ್ತಿ, ನೆರಿಗೆ ಎತ್ತಿ ಹಿಡಿದು ಏದುಸಿರು ಬಿಡುತ್ತ ತಾರಸಿಗೆ ಬಂದು, ಗುಮ್ಮಟದ ಬುಡದ ಕಿಂಡಿಯಂಥ ಬಾಗಿಲಿನಿಂದ ಗ್ಯಾಲರಿಗೆ ಇಳಿದೆವು. ಸಣ್ಣ ಸದ್ದನ್ನೂ ಆ ಗೋಡೆ ಏಳೇಳು ಸಲ ತಿರುಗಿಸಿ ಹೇಳುತ್ತದೆ. ಅಂಥ ಜಾಗಕ್ಕೆ ಇನ್ನೂರು ಮಕ್ಕಳನ್ನು ಬಿಟ್ಟು ಸುಮ್ಮನಿರಿ ಅಂದರೆ ಇರುತ್ತವೆಯೇ? ಕೂಗು, ಶಿಳ್ಳೆ, ಚಪ್ಪಾಳೆ, ನಾಯಿ ಬೊಗಳುವುದು, ನಡುವೆ ಮೇಷ್ಟರ "ಏಯ್ ಸುಮ್ಕಿರ್ರೋ" ಅನ್ನುವುದೂ ಏಳು ಸಲ.

ಆದರೂ ಸಲಹೆ ಸಲಹೆಯೇ. ನನ್ನನ್ನು ಒಂದು ಕಡೆ ಕೂರಿಸಿ ಇವರು ಎದುರು ದಡಕ್ಕೆ ಹೋದರು. ನಾನು ಗೋಡೆಗೆ ಕಿವಿ ಹಚ್ಚಿದೆ. ಮೊದಲು ಬಂದದ್ದು: "ಸರ, ಇಂವಾ ಚಿವುಟಾಕತ್ತಾನ್ರಿ ಸರ." ಆಮೇಲೆ ಯಾರದೋ ಬಿಕ್ಕಳಿಕೆ. ಆಮೇಲೆ, ಎಲ್ಲಿತ್ತೋ ಏನೋ, ಮಕ್ಕಳೆಲ್ಲ ಒಂದೇ ಸಲ ಉಸಿರೆಳೆದುಕೊಂಡಂತೆ ಒಂದು ಬಿಡುವು. ಆ ಬಿಡುವಿನಲ್ಲಿ ಗೋಡೆಯುದ್ದಕ್ಕೂ ತೇಲಿ, ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ನನ್ನ ಗಂಡನ ದನಿ ಬಂತು.

"ಗೀಸರ್ ಆಫ್ ಮಾಡಿದ್ಯಾ?"

ಗೀಸರ್ ಆಫ್ ಮಾಡಿದ್ಯಾ, ಆಫ್ ಮಾಡಿದ್ಯಾ, ಮಾಡಿದ್ಯಾ, ದ್ಯಾ, ದ್ಯಾ. ನಾನು ಬಾಯಿ ತೆರೆಯುವ ಮೊದಲೇ ಹುಡುಗನೊಬ್ಬ ಗಂಟಲು ಹರಿಯುವಂತೆ ಕೂಗಿದ: "ಮಾಡೇನ್ರೀ!" ಅಷ್ಟೇ. ಇನ್ನೂರು ಮಕ್ಕಳೂ ಅದನ್ನೇ ಹಿಡಿದವು. "ಗೀಸರ್! ಗೀಸರ್!" ಹದಿನೇಳನೇ ಶತಮಾನದ ಗುಮ್ಮಟ ಗೀಸರ್ ಗೀಸರ್ ಅಂತ ಗುಡುಗಿತು. ಕೆಳಗೆ ಮಲಗಿದ ಸುಲ್ತಾನನಿಗೆ ಇದೇನು ಹೊಸ ಯುದ್ಧಘೋಷವೋ ಅನ್ನಿಸಿರಬೇಕು. ಮೇಷ್ಟರೊಬ್ಬರು ಬಂದು ಇವರನ್ನೇ ಗದರಿದರು: "ನೀವರ ದೊಡ್ಡವರು ಸುಮ್ಕಿರಬಾರದೇನ್ರಿ?"

ಕೆಳಗಿಳಿಯುವ ಹೊತ್ತಿಗೆ ಬೆಳಕಾಗಿತ್ತು. ಬೆಳಕಾದರೆ ನನ್ನ ಡ್ಯೂಟಿ ಶುರು.

ಗೋಳಗುಮ್ಮಟ ಪೂರ್ತಿಯಾಗಿ ಫೋಟೋದಲ್ಲಿ ಬರಬೇಕಾದರೆ ತೆಗೆಯುವವರು ಬಹಳ ಹಿಂದೆ ಹೋಗಬೇಕು. ಹೋದರು. ಹುಲ್ಲುಹಾಸು ದಾಟಿ ಹೋದರು, ಮ್ಯೂಸಿಯಂ ಕಡೆಗೆ ಹೋದರು, ಕೊನೆಗೆ ನನ್ನ ಕಣ್ಣಿಗೂ ಅವರು ಒಂದು ಚುಕ್ಕೆಯಾದರು. ಕೂಗಿದರೆ ಕೇಳುವುದಿಲ್ಲ, ಅದಕ್ಕೆ ಫೋನು. "ಎಡಕ್ಕೆ ಬಾ. ಅತಿಯಾಯ್ತು. ಕಮಾನಿನ ಮಧ್ಯಕ್ಕೆ. ಕೊಡೆ ಮಡಚು, ಅಳತೆ ಕೆಡತ್ತೆ." ನಾನು ಫೋನು ಕಿವಿಗಿಟ್ಟುಕೊಂಡು, ಎಳೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸ್ವಾತಂತ್ರ್ಯ ದಿನದ ಪೆರೇಡಿನಲ್ಲಿ ನಿಂತವಳಂತೆ ನೆಟ್ಟಗೆ ನಿಂತಿದ್ದೆ. ಇವರು ಒಂದು ತೆಗೆದು ಸುಮ್ಮನಾಗುವವರಲ್ಲ. ಅಡ್ಡ, ಉದ್ದ, ಅರ್ಧ ಕೂತು, ಪೂರ್ತಿ ಕೂತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಹಳ್ಳಿಯ ಅಜ್ಜಿಯೊಬ್ಬರು ನನ್ನನ್ನೇ ನೋಡಿ ನೋಡಿ ಎದ್ದು ಬಂದರು.

"ಯಾಕ ಯವ್ವಾ, ಒಬ್ಬಾಕೀನ ನಿಂತೀ? ಜೋಡಿ ಯಾರೂ ಇಲ್ಲೇನು?"

"ಇದ್ದಾರೆ ಅಜ್ಜಿ. ಅಗೋ ಅಲ್ಲಿ."

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ದೂರದಲ್ಲಿ ಒಬ್ಬ ಗಂಡಸು ನಮ್ಮ ಕಡೆ ಕೈ ಬೀಸಿ ಹೋಗು, ಹೋಗು ಅನ್ನುತ್ತಿರುವುದು ಕಂಡಿತು. ಅಜ್ಜಿಯ ಮುಖ ಕರಗಿತು.

"ಜಗಳಾ ಮಾಡ್ಕೊಂಡೀರೇನು?"

ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯಲಿಲ್ಲ. ಅಜ್ಜಿ ಕಾಯಲೂ ಇಲ್ಲ. ಸೊಂಟದ ಗಂಟು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ಶೇಂಗಾ ಹೋಳಿಗೆ ತೆಗೆದು ಅರ್ಧ ಮುರಿದು ನನ್ನ ಕೈಗಿಟ್ಟರು. "ತಿನ್ನು. ಗಂಡಸರ ಸಿಟ್ಟು ತಾನ ಇಳೀತೈತಿ. ನೀ ಉಪವಾಸ ಇರಬ್ಯಾಡ." ಮುಂಜಾನೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಏಲಕ್ಕಿ ಘಮ, ಬಾಯಿಗಿಟ್ಟರೆ ಪುಡಿಪುಡಿ. ನಾವಿಬ್ಬರೂ ಅಲ್ಲೇ ನಿಂತು ತಿನ್ನುತ್ತಿದ್ದೆವು. ಫೋನು ಮತ್ತೆ ಹೊಡೆದುಕೊಂಡಿತು.

"ಪಕ್ಕದಲ್ಲಿರೋದು ಯಾರು? ಸ್ವಲ್ಪ ಸರಿಯೋಕೆ ಹೇಳು. ಎರಡು ಅಳತೆ ಬಂದ್ರೆ ನೋಡೋರಿಗೆ ಕನ್‌ಫ್ಯೂಸ್ ಆಗತ್ತೆ."

ನಾನು ಫೋನು ಕಟ್ ಮಾಡಿದೆ. ಅಜ್ಜಿ ಮೆಚ್ಚಿಕೊಂಡರು.

ಇಲ್ಲಿಗೆ ಜೋಡಿಯಾಗಿ ಹೋಗುವವರಿಗೆ ಉಪಯೋಗಕ್ಕೆ ಬರುವ ಮಾತೂ ಒಂದೆರಡು ಹೇಳಿಬಿಡುತ್ತೇನೆ, ಯಾಕೆಂದರೆ ನಮಗೆ ಯಾರೂ ಹೇಳಲಿಲ್ಲ. ಗೋಳಗುಮ್ಮಟದ ಮುಂದಿನ ಮ್ಯೂಸಿಯಂಗೆ ಶುಕ್ರವಾರ ರಜೆ. ನಾವು ಹೋದದ್ದು ಯಾವ ವಾರ ಅಂತ ಬೇರೆ ಹೇಳಬೇಕಿಲ್ಲವಲ್ಲ. ಊರು ಪೂರ್ವ ಪಶ್ಚಿಮವಾಗಿ ಹರಡಿಕೊಂಡಿದೆ. ಈ ತುದಿಗೆ ಗೋಳಗುಮ್ಮಟ, ಆ ತುದಿಗೆ ಇಬ್ರಾಹಿಂ ರೋಜಾ. ಬೆಳಿಗ್ಗೆ ಇಲ್ಲಿ ಶುರುಮಾಡಿ ಸಂಜೆಗೆ ಅಲ್ಲಿ ಮುಟ್ಟಿದರೆ ದಾರಿಯಲ್ಲೇ ಉಳಿದದ್ದೆಲ್ಲ ಸಿಗುತ್ತದೆ. ಆಟೋದವರ ಹತ್ತಿರ ರೇಟು ಮೊದಲೇ ಮಾತಾಡಿ. ಮಾತಾಡಿದರೂ ಕೊನೆಗೆ ಅವರು ಕೇಳಿದ್ದೇ ಕೊಡುತ್ತೀರಿ, ಆದರೂ ಮಾತಾಡಿ.

ಮಲಿಕ್-ಎ-ಮೈದಾನ್ ಫಿರಂಗಿ ನೋಡಿದೆವು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ, ಬಾಯಿ ತೆರೆದ ಸಿಂಹದ ಹಲ್ಲುಗಳ ನಡುವೆ ನುಚ್ಚುನೂರಾಗುತ್ತಿರುವ ಒಂದು ಆನೆ. ಆ ಆನೆಯ ಮುಖಭಾವ ನನಗೆ ಚೆನ್ನಾಗಿ ಅರ್ಥವಾಯಿತು. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಹೋಯಿತಂತೆ, ಆಮೇಲೆ ಯಾರಿಗೋ ನಾಚಿಕೆಯಾಗಿ ಹರಾಜು ರದ್ದಾಯಿತು. ನಮ್ಮ ಆಟೋದವನು ಇದನ್ನು ಹೇಳುವಾಗ ಇವರು ನನ್ನ ಕಡೆ ತಿರುಗಿ, "ಇಲ್ಲೀ ತನಕದ ಆಟೋ ಬಾಡಿಗೆನೇ ಅದಕ್ಕಿಂತ ಜಾಸ್ತಿ" ಅಂತ ಪಿಸುಗುಟ್ಟಿದರು. ಪಿಸುಗುಟ್ಟಲು ಬರುತ್ತದೆ ಹಾಗಾದರೆ.

ಬಾರಾ ಕಮಾನ್ ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸಲು ಹೊರಟ ಸಮಾಧಿ. ಮುಗಿಯಲೇ ಇಲ್ಲ. ಕಮಾನುಗಳಷ್ಟೇ ಆಕಾಶಕ್ಕೆ ಮೈಯೊಡ್ಡಿ ನಿಂತಿವೆ. ಗೋಳಗುಮ್ಮಟಕ್ಕಿಂತ ದೊಡ್ಡದಾದೀತು ಅಂತ ಅಪ್ಪನೇ ಹೊಟ್ಟೆಕಿಚ್ಚಿಗೆ ನಿಲ್ಲಿಸಿದ ಅಂತ ಆಟೋದವನ ಕಥೆ. ಅಪ್ಪ ಸತ್ತ ಮೇಲೆ, 1656ರಲ್ಲಿ, ಮಗ ಪಟ್ಟಕ್ಕೆ ಬಂದದ್ದು ಅಂತ ನಾನು ಓದಿಕೊಂಡು ಹೋಗಿದ್ದೆ. ಬಾಯಿ ತೆರೆಯಲಿಲ್ಲ. ಕಥೆ ಚೆನ್ನಾಗಿತ್ತು. ಇವರು ಮಾತ್ರ ಕಮಾನುಗಳನ್ನು ಸುತ್ತಿ ಬಂದು ತೀರ್ಪು ಕೊಟ್ಟರು: "ಅದೆಲ್ಲ ಸುಳ್ಳು. ಎರಡನೇ ಕಂತು ಬಿಡುಗಡೆ ಆಗಿಲ್ಲ."

ಇಬ್ರಾಹಿಂ ರೋಜಾ ತಲುಪುವ ಹೊತ್ತಿಗೆ ಇವರ ಫೋನಿನ ಚಾರ್ಜು ಮುಗಿದಿತ್ತು. ದೇವರು ದೊಡ್ಡವನು.

ಎತ್ತರದ ಜಗಲಿಯ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ನೀರಿಲ್ಲದ ಕೊಳ. ಎರಡನೇ ಇಬ್ರಾಹಿಂ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸಲು ತೊಡಗಿದ್ದು. 1627ರಲ್ಲಿ ಮೊದಲು ಹೋದವನು ಅವನೇ. ಇಬ್ಬರೂ ಈಗ ಅಲ್ಲೇ ಇದ್ದಾರೆ. ಕಿಟಕಿಗಳ ಕಲ್ಲಿನ ಜಾಲರಿಯನ್ನು ಹತ್ತಿರ ಹೋಗಿ ನೋಡಿದರೆ ಅದು ಬಳ್ಳಿಯಲ್ಲ, ಅಕ್ಷರ. ಕಲ್ಲನ್ನು ಕೊರೆದು ಸಾಲು ಸಾಲಾಗಿ ಬರೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿನಿಂದಲೇ ಒಳಗೆ ಬರಬೇಕು. ಅತ್ತೆಗೆ ಹೇಳಲು ಒಂದು ಉತ್ತರ ಸಿಕ್ಕಿತು ಅನ್ನಿಸಿತು, ಆದರೆ ಅದನ್ನು ಹೇಳುವುದು ಹೇಗೆ ಅಂತ ಹೊಳೆಯಲಿಲ್ಲ.

ಗೇಟಿನ ಹತ್ತಿರ ಕೊಂಡ ಬಾರೆಹಣ್ಣಿನ ಪೊಟ್ಟಣ ನಡುವೆ ಇಟ್ಟುಕೊಂಡು ಜಗಲಿಯ ಅಂಚಿನಲ್ಲಿ ಕೂತೆವು. ಇವರು ಹುಳಿಯದನ್ನು ತಾವು ತಿಂದು ಸಿಹಿಯದನ್ನು ನನ್ನ ಕಡೆ ತಳ್ಳುತ್ತಿದ್ದರು. ಮೆತ್ತಗಿದ್ದರೆ ಸಿಹಿ ಅಂತ ಒಂದೊಂದನ್ನೂ ಒತ್ತಿ ನೋಡಿ. ಮಗಳಿಗೆ ಹಾಸ್ಟೆಲ್ ಊಟ ಹಿಡಿಸುತ್ತಿದೆಯೋ ಇಲ್ಲವೋ ಅನ್ನುವ ಮಾತು ಬಂತು. ಅವಳು ಚಿಕ್ಕವಳಿದ್ದಾಗ ಇವರು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಅವಳ ಎತ್ತರ ಗುರುತು ಮಾಡುತ್ತಿದ್ದರು. ಈ ಸಲ ಪೇಂಟಿನವನು ಬಂದಾಗ ಆ ಚೌಕಟ್ಟು ಒಂದನ್ನು ಬಿಡು ಅಂತ ಹೇಳಿ ಬಿಡಿಸಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಪೇಂಟಿನವನು ಮರೆತಿದ್ದಾನೆ ಅಂತ ಅವನಿಗೆ ಇನ್ನೂರು ರೂಪಾಯಿ ಕಡಿತ ಮಾಡಿದ್ದೆ.

ಅಷ್ಟು ಹೊತ್ತಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು, ಅಂಕಲ್ ನಮ್ಮದೊಂದು ಫೋಟೋ ತೆಗೀರಿ ಅಂತ ಇವರ ಕೈಗೇ ಫೋನು ಕೊಟ್ಟಿತು. ನಾನು ತಡೆಯಬೇಕಿತ್ತು. "ಹಿಂದೆ ಹೋಗಿ. ಇನ್ನೂ. ಇನ್ನೂ. ಆ ಕಂಬದ ಬುಡಕ್ಕೆ." ಪಾಪ, ಆ ಹುಡುಗಿ ಹೈಹೀಲ್ಸಿನಲ್ಲಿ ಕೊಳ ಸುತ್ತಿಕೊಂಡು ಹೋಯಿತು. ವಾಪಸು ಬಂದು ಫೋನು ನೋಡಿದ ಹುಡುಗ ಏನೂ ಅನ್ನಲಿಲ್ಲ. ಎರಡು ಬೆರಳಿನಲ್ಲಿ ಹಿಗ್ಗಿಸುತ್ತ, ಹಿಗ್ಗಿಸುತ್ತ ಗೇಟಿನ ಕಡೆ ನಡೆದ.

ರಾತ್ರಿ ಬಸ್ಸಿಗೆ ಮೊದಲು ಒಂದು ಖಾನಾವಳಿಗೆ ಹೋದೆವು. ಇದು ಮಾತ್ರ ಕಣ್ಣು ಮುಚ್ಚಿ ಕೊಡಬಹುದಾದ ಸಲಹೆ: ಮೆನು ಕೇಳಬೇಡಿ, ಸುಮ್ಮನೆ ಕೂತುಕೊಳ್ಳಿ. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮೊಸರು ಹಾಕಿ ಕಲಸಿದ ಶೇಂಗಾ ಚಟ್ನಿ, ಹಸಿ ಈರುಳ್ಳಿ, ಸೌತೆ. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ಬಿಸಿ ಜೋಳದ ರೊಟ್ಟಿ ತಟ್ಟೆಯ ಅಂಚು ದಾಟಿ ಹೊರಗೆ ಬಾಗಿ ಬಿತ್ತು. ನಾನು ಮುರಿಯಲು ಕೈ ಹಾಕಿದೆ. ಇವರು ನನ್ನ ಕೈ ತಡೆದು, ಗೇಣು ಚಾಚಿ ರೊಟ್ಟಿಯ ಮೇಲೆ ಇಟ್ಟು ಬಡಿಸುತ್ತಿದ್ದ ಅಕ್ಕನನ್ನು ಕೇಳಿದರು: "ಇದರ ವ್ಯಾಸ ಎಷ್ಟಿರಬಹುದು ಅಕ್ಕಾರೆ?"

ಅಕ್ಕ ಪಲ್ಯದ ಸೌಟು ಎತ್ತಿ ಹಿಡಿದು ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಮದ್ಲ ಆಕೀನ ತಿನ್ಲಿಕ್ಕೆ ಬಿಡ್ರಿ. ಆಮ್ಯಾಲ ಅಳತಿ ಮಾಡೂಣಂತ."