ಎಸ್‌ಡಿವಿಒಎಸ್‌ಬಿ ಸರ್ಟಿಫಿಕೇಟ್: ದುಡ್ಡು ಕೇಳಲ್ಲ, ಜೀವ ಹಿಂಡುತ್ತೆ

ಅಮೆರಿಕದ ಸೇನೆಯಲ್ಲಿ ದುಡಿದು, ಅಲ್ಲೇ ಅಂಗವೈಕಲ್ಯ ಹತ್ತಿಸಿಕೊಂಡು ಬಂದು ಸಣ್ಣ ಕಂಪನಿ ತೆರೆದವರಿಗೆ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಗುತ್ತಿಗೆಯಲ್ಲಿ ಪಾಲು ಉಂಟಂತೆ. ಇಂಥ ಕಂಪನಿಗೇ ಎಸ್‌ಡಿವಿಒಎಸ್‌ಬಿ ಅನ್ನೋದು. ಗುರಿ ಶೇ 3 ಇದ್ದದ್ದನ್ನು ಶೇ 5ಕ್ಕೆ ಏರಿಸಿದರು. ಭಾಷಣಕ್ಕೆ ಚೆನ್ನಾಗಿದೆ. ಆ ಪಾಲಿನ ಬಾಗಿಲು ತೆಗೆಯೋ ಸರ್ಟಿಫಿಕೇಟ್ ಇದೆಯಲ್ಲ, ಕಥೆ ಇರೋದು ಅಲ್ಲಿ.

ಅಂಗವೈಕಲ್ಯ ಸಾಬೀತು ಮಾಡೋದೇ ಕಷ್ಟ ಅಂದ್ಕೊಂಡ್ರಾ? ಅಲ್ಲ ಸ್ವಾಮಿ. ವಿಎ, ಅಂದರೆ ಅಲ್ಲಿನ ಮಾಜಿ ಸೈನಿಕರ ಇಲಾಖೆ, ಕೊಡೋ ಅಂಗವೈಕಲ್ಯದ ರೇಟಿಂಗ್ ಸೊನ್ನೆ ಪರ್ಸೆಂಟ್ ಇದ್ದರೂ ನಡೆಯುತ್ತೆ. ಜನ ಮುಗ್ಗರಿಸೋದು ಕಂಪನಿಯ ಆಪರೇಟಿಂಗ್ ಅಗ್ರಿಮೆಂಟ್‌ನಲ್ಲಿ, ಅಂದರೆ ಕಂಪನಿ ಹೇಗೆ ನಡೆಸಬೇಕು ಅಂತ ಪಾಲುದಾರರು ಬರೆದುಕೊಳ್ಳೋ ಒಪ್ಪಂದದಲ್ಲಿ. ಇಂಟರ್‌ನೆಟ್‌ನಲ್ಲಿ ಸಿಕ್ಕ ಮಾದರಿಗೆ ಹೆಸರು ತುಂಬಿ ಸಹಿ ಹಾಕಿರ್ತಾರೆ. ಅದರೊಳಗೆ ‘ಮುಖ್ಯ ನಿರ್ಧಾರಗಳಿಗೆ ಮೂರನೇ ಎರಡು ಭಾಗ ಮತ ಬೇಕು’ ಅಂತ ಒಂದು ಸಾಲು ಕೂತಿರುತ್ತೆ. ಮಾಜಿ ಸೈನಿಕನದು ಶೇ 60, ಪಾಲುದಾರನದು ಶೇ 40. 60ಕ್ಕೆ 66.67 ಮುಟ್ಟಲ್ಲ. ಅಂದರೆ 40ರವನು ಬೇಡ ಅಂದರೆ ಬ್ಯಾಂಕ್ ಸಾಲವೂ ಇಲ್ಲ, ಗುತ್ತಿಗೆಗೆ ಸಹಿಯೂ ಇಲ್ಲ. ನಿಯಂತ್ರಣ ಇವರ ಕೈಲಿಲ್ಲ, ಅರ್ಜಿ ವಜಾ! ಹೊಸ ಪಾಲುದಾರನನ್ನು ಸೇರಿಸೋದು, ಕಂಪನಿ ಮಾರೋದು, ಮುಚ್ಚೋದು, ಇಂಥ ಬೆರಳೆಣಿಕೆಯ ಸಂಗತಿಗಳಿಗೆ ಮಾತ್ರ ಎಲ್ಲರ ಒಪ್ಪಿಗೆ ಕೇಳಬಹುದು. ಕೋರಮ್ (ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿ) ಕಲಮನ್ನೂ ಓದಿ: 40ರವನು ಸಭೆಗೆ ಬರದೆ ಮನೇಲಿ ಕೂತರೆ ಸಭೆಯೇ ನಡೆಯಲ್ಲ ಅನ್ನೋ ಹಾಗಿದ್ದರೆ ಅದೂ ವೀಟೋನೇ. ಕನಿಷ್ಠ ಶೇ 51 ಮಾಲೀಕತ್ವ ನೇರವಾಗಿ ಮಾಜಿ ಸೈನಿಕರ ಹೆಸರಲ್ಲೇ ಇರಬೇಕು, ನಡುವೆ ಇನ್ನೊಂದು ಕಂಪನಿ ತೂರಿಸೋ ಹಾಗಿಲ್ಲ. ಕಂಪನಿಯ ಅತ್ಯುನ್ನತ ಹುದ್ದೆಯೂ ಅವರದ್ದೇ ಆಗಬೇಕು. ಹಗಲು ಬೇರೆ ಕಡೆ ನೌಕರಿ ಇದ್ದರೆ, ಕಂಪನಿ ನಡೆಸೋದು ತಾವೇ ಅಂತ ಅವರೇ ಸಾಬೀತು ಮಾಡಬೇಕು.

ವಜಾ ಆದರೆ? ಮೇಲ್ಮನವಿಗೆ 10 ಕೆಲಸದ ದಿನ. ಇಲ್ಲಾಂದ್ರೆ 90 ದಿನ ಬಿಟ್ಟು ಹೊಸ ಅರ್ಜಿ. ಒಂದು ಸಾಲು ತಿದ್ದೋದಕ್ಕೆ ಮೂರು ತಿಂಗಳು!

ಇಷ್ಟು ಬಿಗಿ ಯಾಕೆ ಅಂದರೆ ಮಾಜಿ ಸೈನಿಕರನ್ನು ಹೆಸರಿಗಷ್ಟೇ ಮುಂದಿಟ್ಟು ಗುತ್ತಿಗೆ ನುಂಗಿದ ಖದೀಮರು ಇದ್ದರು. 2009ರಲ್ಲಿ ಜಿಎಒ (ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ) ತನಿಖೆ ಮಾಡಿದ ಹತ್ತು ಕಂಪನಿಗಳೇ ಸುಮಾರು 10 ಕೋಟಿ ಡಾಲರ್ ಹೊಡೆದಿದ್ದವು. ‘ನಾನೇ ಹೇಳ್ತೀನಿ, ನಂಬಿ’ ಅನ್ನೋ ಸ್ವಯಂಘೋಷಣೆ ನಿಲ್ಲಿಸಿದ್ದು ಸರಿಯೇ, ಅದರಲ್ಲಿ ತಕರಾರಿಲ್ಲ. ಆದರೆ ಕಳ್ಳನ ಅಗ್ರಿಮೆಂಟ್ ಬರೆಯೋದು ದುಬಾರಿ ಲಾಯರ್, ಅದು ಕನ್ನಡಿ ಹಾಗೆ ಸ್ವಚ್ಛವಾಗಿರುತ್ತೆ. ಸಿಕ್ಕಿಬೀಳೋನು ಮಾದರಿ ಇಳಿಸಿಕೊಂಡ ಪಾಪದವನು.

ಇನ್ನು ದಲ್ಲಾಳಿಗಳು. 2023ರ ಜನವರಿಯಿಂದ ಸರ್ಟಿಫಿಕೇಟ್ ಕೊಡೋದು ವಿಎ ಅಲ್ಲ, ಸಣ್ಣ ಉದ್ಯಮಗಳ ಸರ್ಕಾರಿ ಸಂಸ್ಥೆ ಎಸ್‌ಬಿಎ. ಶುಲ್ಕ ಸೊನ್ನೆ. ಸ್ಯಾಮ್, ಅಂದರೆ ಸರ್ಕಾರಿ ಗುತ್ತಿಗೆದಾರರ ಆನ್‌ಲೈನ್ ಪಟ್ಟಿ, ಅದರ ನೋಂದಣಿಯೂ ಉಚಿತ. ಆದರೂ ಸರ್ಕಾರಿ ಪತ್ರದ ವೇಷ ಹಾಕಿ ‘ನಿಮ್ಮ ನೋಂದಣಿ ಮುಗೀತಾ ಇದೆ, ತಕ್ಷಣ ದುಡ್ಡು ಕಟ್ಟಿ’ ಅಂತ ಇಮೇಲ್ ಬರುತ್ತೆ. ಕಟ್ಟಬೇಡಿ. ಸರ್ಕಾರಿ ಗುತ್ತಿಗೆ ಹಿಡಿಯೋಕೆ ದಾರಿ ತೋರಿಸೋ ಅಪೆಕ್ಸ್ ಆಕ್ಸಿಲರೇಟರ್ ಕಚೇರಿಗಳು ಸಾಮಾನ್ಯವಾಗಿ ಕಾಸಿಲ್ಲದೇ ಸಹಾಯ ಮಾಡ್ತವೆ. ಸ್ಯಾಮ್‌ನಲ್ಲಿ ಕಂಪನಿ ಹೆಸರು ತೆರಿಗೆ ದಾಖಲೆಯಲ್ಲಿ ಇರೋ ಹಾಗೇ ಇರಲಿ. ವಿಳಾಸಕ್ಕೆ ಪೋಸ್ಟ್ ಬಾಕ್ಸ್ ಕೊಟ್ಟರೆ ಅಲ್ಲೇ ತಿರಸ್ಕಾರ.

ಕೊನೆಗೂ ಸರ್ಟಿಫಿಕೇಟ್ ಬಂತು ಅನ್ನಿ. ಕೆಲಸ ಬಂತಾ? ಅಮೆರಿಕದ ಸುಪ್ರೀಂ ಕೋರ್ಟ್‌ನ 2016ರ ಕಿಂಗ್‌ಡಮ್‌ವೇರ್ ತೀರ್ಪಿನಿಂದ ವಿಎ ಮಾತ್ರ, ಇಂಥ ಕನಿಷ್ಠ ಎರಡು ಕಂಪನಿಗಳು ನ್ಯಾಯವಾದ ಬೆಲೆಗೆ ಬಿಡ್ ಮಾಡೋ ನಿರೀಕ್ಷೆ ಇದ್ದರೆ ಕೆಲಸವನ್ನು ಇವರಿಗೇ ಮೀಸಲಿಡಬೇಕು. ಬೇರೆ ಇಲಾಖೆಯ ಅಧಿಕಾರಿಗೆ ಆ ಕಟ್ಟುಪಾಡಿಲ್ಲ, ಮನಸ್ಸಾದರೆ ಉಂಟು. ಇದರ ಮಧ್ಯೆ ಸ್ಯಾಮ್ ವರ್ಷಕ್ಕೊಮ್ಮೆ ನವೀಕರಿಸಬೇಕು, ಸರ್ಟಿಫಿಕೇಟ್ ಮೂರು ವರ್ಷಕ್ಕೊಮ್ಮೆ. ಸ್ಯಾಮ್ ಮರೆತ ವಾರದಲ್ಲೇ ಬಿಡ್ ಹಾಕೋ ಕೊನೇ ದಿನ ಬಿತ್ತೋ, ಆ ಬಿಡ್ ಕಸದ ಬುಟ್ಟಿಗೆ.