ಕೆರೆಗೆ ಅಂಚೇ ಇಲ್ಲದ ಮೇಲೆ ಗೊರವ ಹಕ್ಕಿ ಎಲ್ಲಿ ನಿಲ್ಲಬೇಕು?

ಹಕ್ಕಿ ನೋಡಲು ಒಳ್ಳೆಯ ಕಾಲ ಯಾವುದು ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ. ದಸರಾ ಮುಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಹೊರಡಿ, ಡಿಸೆಂಬರ್‌ವರೆಗೆ ಕಾಯಬೇಡಿ. ಚಿತ್ತೆ, ಸ್ವಾತಿ ಮಳೆ ಸುರಿದು ಹೋಗಿರುತ್ತದೆ, ಭತ್ತಕ್ಕೆ ಹಾಲು ತುಂಬುತ್ತಿರುತ್ತದೆ, ಕೆರೆಯ ಹಿನ್ನೀರು ಹುಲ್ಲಿನ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಉತ್ತರದಿಂದ ಬರುವ ಹಕ್ಕಿಗಳು ಒಂದೊಂದಾಗಿ ಹಾಜರಿ ಹಾಕುತ್ತಿರುತ್ತವೆ. ದೊಡ್ಡ ಲೆನ್ಸ್ ಹೊತ್ತವರ ಜಾತ್ರೆಯೂ ಇನ್ನೂ ಶುರುವಾಗಿರುವುದಿಲ್ಲ.

ಮೊನ್ನೆ ಭಾನುವಾರ ನಂಜನಗೂಡಿನ ಕಡೆ ಹೀಗೆಯೇ ಅಲೆದೆವು. ಬೆಳಿಗ್ಗೆ ನಾಲೆಯ ಏರಿಯ ಮೇಲೆ ನಡಿಗೆ. ಮೇಯುವ ಎಮ್ಮೆಗಳ ಕಾಲ ಸಂದಿನಲ್ಲೇ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಜಾಲಿ ಬೇಲಿಯ ತುದಿಯಲ್ಲಿ ಕಂದು ಕೀಚುಗವೊಂದು ಕುಳಿತು, ಯಾರೋ ಜಾಗ ಒತ್ತುವರಿ ಮಾಡಿದ ಹಾಗೆ ಕರ್ಕಶವಾಗಿ ಬೈಯುತ್ತಿತ್ತು. ಅದರ ಸಿಟ್ಟಿಗೆ ಕಾರಣವಿದೆ. ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ಬರುವ ಈ ಹಕ್ಕಿ ಚಳಿಗಾಲಕ್ಕೆಂದು ತನ್ನದೇ ಗಡಿ ಹಾಕಿಕೊಳ್ಳುತ್ತದೆ. ಹೋದ ವರ್ಷ ಇದ್ದ ಜಾಗಕ್ಕೇ ಮರಳಿ ಬರುವುದೂ ಉಂಟು. ನಾವು ನೋಡುತ್ತಿದ್ದಂತೆಯೇ ನೆಲಕ್ಕಿಳಿದು ಮಿಡತೆಯೊಂದನ್ನು ಹಿಡಿಯಿತು. ಮತ್ತೆ ಬೇಲಿ ಏರಿ, ಅದನ್ನು ಕಾಲಿನಲ್ಲಿ ಒತ್ತಿ ಹಿಡಿದು ರೆಕ್ಕೆ ಕಿತ್ತು ಬಿಸಾಡಿ, ಉಳಿದದ್ದನ್ನು ನುಂಗಿತು. ಕೊಕ್ಕಿನ ತುದಿಯ ಕೊಕ್ಕೆ ಬರಿಗಣ್ಣಿಗೇ ಕಾಣುವಷ್ಟು ಹತ್ತಿರ. ಮಧ್ಯಾಹ್ನ ಗೋಮಾಳದಲ್ಲಿ ಗೌಜಲಿನ ಕೂಗು ಕೇಳಿಸಿತು. ದೂರದಲ್ಲಿ ನೆಲಕ್ಕೆ ತಾಗುವಂತೆ ಹಾರುವ ಸೆಳೆವ ಎಂಬ ಬೇಟೆಹಕ್ಕಿಯೊಂದು ಕಂಡಿತು. ಬಿಸಿಲು ಮಾತ್ರ ಬೇಸಿಗೆಯದೇ.

ಸಂಜೆ ಎರಡು ಕೆರೆಗಳಿಗೆ ಹೋದೆವು. ನನಗೆ ಹೇಳಬೇಕಾಗಿರುವುದು ಇವುಗಳ ಬಗ್ಗೆಯೇ.

ಮೊದಲನೆಯದು ಯಾರೂ ಉದ್ಧಾರ ಮಾಡದ ಕೆರೆ. ಒಂದು ಕಡೆ ಏರಿ, ತೂಬು, ಕೋಡಿ. ಎದುರು ದಡ ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ನಿಧಾನವಾದ ಇಳಿಜಾರು. ಆ ಇಳಿಜಾರಿನಲ್ಲಿ ಹಕ್ಕಿಗಳು ಕಾಲಿನ ಉದ್ದಕ್ಕೆ ತಕ್ಕಂತೆ ಜಾಗ ಹಂಚಿಕೊಂಡಿದ್ದವು. ಎರಡು ಬೆರಳಗಲದ ನೀರಿನಲ್ಲಿ ಲಿಟಲ್ ಸ್ಟಿಂಟ್‌ಗಳು ಸೂಜಿ ಚುಚ್ಚಿದಂತೆ ಕೆಸರು ಕುಕ್ಕುತ್ತಿದ್ದವು. ಆರ್ಕ್ಟಿಕ್ ತೀರದಲ್ಲಿ ಮರಿ ಮಾಡಿ ಇಲ್ಲಿಯವರೆಗೆ ಹಾರಿ ಬಂದ, ಗುಬ್ಬಿಯಷ್ಟೇ ತೂಗುವ ಹಕ್ಕಿ ಅದು. ಅದರಾಚೆ ತೆಳು ನೀರಿನಲ್ಲಿ ನಡೆದಾಡಿ ಕೆಸರಿನ ಹುಳ ಹೆಕ್ಕುವ ಗೊರವಗಳು (ಸ್ಯಾಂಡ್‌ಪೈಪರ್), ಇನ್ನೂ ಆಚೆ ಗೇಣುದ್ದದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು. ಬಣ್ಣದ ಕೊಕ್ಕರೆಯೊಂದು ಅರೆ ತೆರೆದ ಕೊಕ್ಕನ್ನು ನೀರಿನಲ್ಲಿಟ್ಟು, ಕಾಲಿನಿಂದ ಕೆಸರು ಕಲಕುತ್ತ ಮೀನು ತಗುಲುವುದನ್ನೇ ಕಾಯುತ್ತಿತ್ತು.

ಎರಡನೆಯದು ಅಭಿವೃದ್ಧಿ ಹೊಂದಿದ ಕೆರೆ. ಜೆಸಿಬಿ ಇಳಿಸಿ ಸಮನಾಗಿ ಆಳ ಮಾಡಿದ್ದಾರೆ, ತೆಗೆದ ಮಣ್ಣನ್ನು ಸುತ್ತಲೂ ಏರಿಯಾಗಿ ಪೇರಿಸಿದ್ದಾರೆ, ಅದರ ಮೇಲೆ ನಡಿಗೆ ಪಥ, ಕಲ್ಲು ಬೆಂಚು, ಬಣ್ಣ ಬಳಿದ ಕಮಾನು. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳುದ್ದ ನೀರು. ನೀರುಕಾಗೆಗಳಿದ್ದವು, ಗುಳುಮುಳುಕಗಳಿದ್ದವು, ಮುಳುಗಿ ಬದುಕುವವಕ್ಕೆ ತೊಂದರೆಯಿಲ್ಲ. ನಿಂತು ಬದುಕುವ ಒಂದೇ ಒಂದು ಹಕ್ಕಿ ಇರಲಿಲ್ಲ. ಸೂಜಿಬಾಲದ ಬಾತಿನಂಥವು ಬಂದರೂ ಬಾಲ ಮೇಲೆತ್ತಿ ಕತ್ತು ಚಾಚಿದರೆ ತಳ ಎಟುಕಬೇಕಲ್ಲ!

ಹೂಳು ತೆಗೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಹಿಂದೆ ಬೇಸಿಗೆಯಲ್ಲಿ ರೈತರೇ ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ನೀರು ಬತ್ತಿದ ಕಡೆ ಮೇಲುಮೇಲಿನ ಮಣ್ಣು ಹೋಗುತ್ತಿತ್ತು, ಇಳಿಜಾರು ಉಳಿಯುತ್ತಿತ್ತು. ಈಗಿನ ಕಾಮಗಾರಿಯಲ್ಲಿ ಅಗೆದ ಮಣ್ಣಿನ ಘನ ಮೀಟರ್ ಲೆಕ್ಕದಲ್ಲಿ ಬಿಲ್ಲಾಗುತ್ತದೆ. ಹಾಗಿರುವಾಗ ಅಂಚನ್ನು ಬಿಟ್ಟು ಅಗೆಯಲು ಯಾರಿಗೆ ತಾಳ್ಮೆ? ಸುತ್ತ ಕಟ್ಟಿದ ಏರಿ ಹಳ್ಳದ ನೀರು ಒಳಬರುವ ದಾರಿಯನ್ನೂ ಮುಚ್ಚಿಬಿಡುತ್ತದೆ ಎಂಬುದು ರೈತರಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳುವವರಿಲ್ಲ.

‘ಅದಕ್ಕೆಂದೇ ಪಕ್ಷಿಧಾಮಗಳಿವೆಯಲ್ಲ’ ಎನ್ನುವವರಿದ್ದಾರೆ. ಇವೆ, ಸಂತೋಷ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಆದರೆ ರಂಗನತಿಟ್ಟಿನ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಕೊಕ್ಕರೆ ಮೇವಿಗೆ ಸುತ್ತಲಿನ ಗದ್ದೆ, ಕೆರೆಗಳಿಗೇ ಹಾರುತ್ತದೆ. ಮಲಗುವ ಕೋಣೆಗೆ ಕಾವಲು ಹಾಕಿ ಅಡುಗೆಮನೆಯನ್ನು ಕೆಡವಿದರೆ ಸಂಸಾರ ನಡೆಯುವುದು ಹೇಗೆ? ಗೊರವಗಳಿಗಂತೂ ಚಳಿಗಾಲಪೂರ್ತಿ ಹೆಸರಿಲ್ಲದ ಊರ ಕೆರೆಗಳೇ ಗತಿ.

ನಿಮ್ಮೂರಿನ ಕೆರೆಗೂ ಅಂದಾಜುಪಟ್ಟಿ ತಯಾರಾಗುತ್ತಿದ್ದರೆ ಗ್ರಾಮಸಭೆಗೆ ಹೋಗಿ ಎರಡು ಮಾತು ಕೇಳಿ. ಏರಿಯ ಕಡೆ ಎಷ್ಟು ಬೇಕಾದರೂ ಆಳ ಮಾಡಿ, ಹಳ್ಳ ಸೇರುವ ಕಡೆಯ ಇಳಿಜಾರನ್ನು ಮುಟ್ಟಬೇಡಿ. ನಡಿಗೆ ಪಥ ಬೇಕೇ ಬೇಕೆಂದರೆ ಹಳೆಯ ಏರಿಯ ಮೇಲೆಯೇ ಮಾಡಿ, ಸುತ್ತ ಹೊಸ ಏರಿ ಬೇಡ. ಇದಕ್ಕೆ ಹೆಚ್ಚುವರಿ ಅನುದಾನವೇನೂ ಬೇಕಿಲ್ಲ, ಖರ್ಚು ಕಡಿಮೆಯೇ ಆಗುತ್ತದೆ. ಬಹುಶಃ ತೊಡಕಿರುವುದೂ ಅಲ್ಲಿಯೇ.