ಮತ್ಸುಯೆ ಕಂದಕದಲ್ಲಿ ದೋಣಿ, ನಮ್ಮ ಕಂದಕದಲ್ಲಿ ಗಿಡಗಂಟಿ

ತಗ್ಗಾದ ಸೇತುವೆ ಹತ್ತಿರ ಬಂತೆಂದರೆ ದೋಣಿಯವರು ಕೂಗಿ ಎಚ್ಚರಿಸುತ್ತಾರೆ. ಮೋಟಾರು ಸದ್ದು ಮಾಡುತ್ತಾ ಚಾವಣಿ ಇಡಿಯಾಗಿ ಕೆಳಗಿಳಿಯುತ್ತದೆ, ಕೂತವರೆಲ್ಲ ಮಂಡಿಗೆ ತಲೆ ತಾಗುವಷ್ಟು ಬಾಗಬೇಕು. ಜಪಾನಿನ ಶಿಮಾನೆ ಪ್ರಾಂತ್ಯದ ಮತ್ಸುಯೆ ಸುಮಾರು ಎರಡು ಲಕ್ಷ ಜನರ ಊರು. ಅಲ್ಲಿ ಕೋಟೆಯ ಕಂದಕವೇ ಒಂದು ಪ್ರೇಕ್ಷಣೀಯ ಸ್ಥಳ. ನಮ್ಮ ಕಡೆಯವರಿಗೆ ಖುಷಿಯೂ ಆಗುವುದು, ಹೊಟ್ಟೆಯಲ್ಲಿ ಚುರುಕ್ಕೆನ್ನುವುದೂ ಅಲ್ಲೇ. ಶ್ರೀರಂಗಪಟ್ಟಣದ ಎರಡೂ ಬದಿಗೆ ಕಾವೇರಿ ಹರಿಯುತ್ತಾಳೆ, ಆದರೂ ಕೋಟೆಯ ಕಂದಕದಲ್ಲಿ ಹೆಚ್ಚಾಗಿ ಕಾಣುವುದು ಮುಳ್ಳುಕಂಟಿ ಮತ್ತು ಪ್ಲಾಸ್ಟಿಕ್. ಬೆಂಗಳೂರು ಕೋಟೆಯ ಕಂದಕವಂತೂ ಹೇಳಹೆಸರಿಲ್ಲದಂತೆ ಹೋಯಿತು.

ಈ ದೋಣಿ ಸುತ್ತಾಟ ಶುರುವಾದದ್ದು 1997ರಲ್ಲಿ. ಸುಮಾರು 3.7 ಕಿಲೋಮೀಟರ್ ದಾರಿಗೆ 50 ನಿಮಿಷ ಹಿಡಿಯುತ್ತದೆ. ಚಪ್ಪಲಿ ಬಿಟ್ಟು ನೆಲದ ಮೇಲೇ ಕೂರಬೇಕು. ಹೊರಡುವ ಮೊದಲೇ ಒಮ್ಮೆ ಚಾವಣಿ ಇಳಿಸಿ ಬಾಗುವ ಅಭ್ಯಾಸ ಮಾಡಿಸುತ್ತಾರೆ, ಬೆನ್ನುನೋವಿನವರು ಆಗಲೇ ಯೋಚಿಸುವುದು ಒಳ್ಳೆಯದು. ಹತ್ತಿ ಇಳಿಯಲು ಮೂರು ಕಟ್ಟೆಗಳಿವೆ, ಒಂದೇ ಟಿಕೆಟ್ ದಿನವಿಡೀ ನಡೆಯುತ್ತದೆ. ಹಾಗಾಗಿ ಕೋಟೆಯ ಹೆಬ್ಬಾಗಿಲ ಬಳಿಯ ಓತೆಮಾಯೆಯಲ್ಲಿ ಹತ್ತಿ, ಫುರೆಯೈ ಹಿರೋಬದಲ್ಲಿ ಇಳಿದು, ಜಪಾನಿನ ಬಗ್ಗೆ ಬರೆದ ಲೇಖಕ ಲಾಫ್ಕಾಡಿಯೊ ಹರ್ನ್ ವಾಸವಿದ್ದ ಮನೆಗೆ ನಡೆದು ಹೋಗಿ, ಮತ್ತೆ ದೋಣಿ ಹತ್ತಬಹುದು. ಚಳಿಗಾಲದಲ್ಲಿ ದೋಣಿಯೊಳಗೆ ಕಂಬಳಿ ಹೊದಿಸಿದ ಬೆಚ್ಚನೆಯ ಮೇಜು ಇರುತ್ತದೆ, ಅದರಡಿ ಕಾಲು ಚಾಚಿಕೊಂಡು ಕೂರುವುದು.

ಕೋಟೆಯ ಮರದ ಗೋಪುರ 1611ರದ್ದು. ಚಪ್ಪಲಿಯನ್ನು ಬಿಟ್ಟೇ ಒಳಗೆ ಹೋಗಬೇಕು. ಮೆಟ್ಟಿಲು ಕಡಿದಾಗಿದೆ, ಕಾಲುಚೀಲ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಎಚ್ಚರ ಬೇಕು. 1875ರಲ್ಲಿ ಸರ್ಕಾರ ಇದನ್ನು ಕೆಡವಲು 180 ಯೆನ್‌ಗೆ ಹರಾಜು ಹಾಕಿದಾಗ, ಊರಿನವರೇ ಹಣ ಹೊಂದಿಸಿ ಉಳಿಸಿಕೊಂಡರು. 2012ರಲ್ಲಿ ಸಿಕ್ಕ, ವರ್ಷ ಬರೆದಿದ್ದ ಎರಡು ಪ್ರಾರ್ಥನಾ ಹಲಗೆಗಳ ಮೊಳೆಯ ತೂತುಗಳು ಗೋಪುರದ ಕಂಬಗಳ ತೂತುಗಳಿಗೆ ಸರಿಹೊಂದಿದವು, ಕಟ್ಟಿದ ವರ್ಷ ಖಚಿತವಾಯಿತು. 2015ರಲ್ಲಿ ರಾಷ್ಟ್ರೀಯ ನಿಧಿಯ ಮನ್ನಣೆ ದೊರೆಯಿತು. ಒಂದು ಮೊಳೆಯ ತೂತಿಗೂ ಇಷ್ಟು ಬೆಲೆ ಕೊಡುವ ಊರದು.

ಸಂಜೆಗೆ ಶಿಂಜಿ ಸರೋವರದ ದಡಕ್ಕೆ ಬನ್ನಿ. ಅಲ್ಲಿನ ಪ್ರಾಂತೀಯ ಕಲಾ ಸಂಗ್ರಹಾಲಯ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚುವುದು ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ, ಗಡಿಯಾರ ನೋಡಿ ಅಲ್ಲ. ಮಂಗಳವಾರ ರಜೆ. ನಮ್ಮಲ್ಲಿ ಎಷ್ಟೋ ಸ್ಮಾರಕಗಳ ಕಾವಲುಗಾರರು ಬಿಸಿಲು ಇಳಿದು ಕಲ್ಲು ಕೆಂಪೇರುವ ಹೊತ್ತಿಗೇ ಸೀಟಿ ಊದಿ ಹೊರಗಟ್ಟುತ್ತಾರೆ, ಅದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸಸ್ಯಾಹಾರಿಗಳಿಗೆ ಮತ್ಸುಯೆ ಕಷ್ಟ. ಹೆಸರುವಾಸಿಯಾದ ಇಜುಮೊ ಸೋಬಾ ಎಂಬ ಶ್ಯಾವಿಗೆಯ ಸಾರಿಗೂ ಮೀನಿನ ರಸ ಬೀಳುತ್ತದೆ. ಶ್ರೀರಂಗಪಟ್ಟಣದಲ್ಲಾದರೆ ಊಟಕ್ಕೆ ಹುಡುಕಾಡಬೇಕಿಲ್ಲ. ಮತ್ಸುಯೆಯ ಗೋಪುರ ಈಗ ಬರೀ ನೋಡುವ ಜಾಗ. ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆ, ಅಂಗಡಿ, ಚರಂಡಿ, ರಂಗನಾಥನ ನಿತ್ಯಪೂಜೆ ಎಲ್ಲ ಇದೆ. ಜನ ಬಾಳುವ ಕೋಟೆಯ ಕಂದಕ ಕಾಯುವುದು ಸುಲಭವಲ್ಲ, ಒಪ್ಪಿದೆ. ಆದರೆ ದೋಣಿ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಮುಖ್ಯ ಬಾಗಿಲಿನ ಬದಿಯ ಒಂದು ಫರ್ಲಾಂಗಿನಷ್ಟಾದರೂ ಕಂಟಿ ಕಡಿದು, ಕಸ ಎತ್ತಿ, ಚರಂಡಿ ನೀರು ಬೇರೆ ಕಡೆ ತಿರುಗಿಸಬಹುದಲ್ಲ.